ಹಗೇವಿಗೆ ಬಿದ್ದ ಸಾವುಕಾರ

"ಇಳೀಲೇ ಹೊಲ್ಯಾ! ನಿಮ್ಮಪ್ಪನ ಮನಿ ಬಾವಿ ಅಂತ ತಿಳದಿ ಏನು, ಇಣಿಕಿಣಿಕಿ ನೋಡಾಕ? ಇಳಿ ಅಂದ್ರ ಇಳೀಬೇಕು, ಸೂಳೇಮಗನ!"

ಸಾವುಕಾರ ಗುರುಬಸಪ್ಪ ಹೀಗೆ ಮಂಗಳಾರತಿ ಎತ್ತುತ್ತಿದ್ದದ್ದು ನನ್ನ ಅಪ್ಪ ಧರೆಪ್ಪನಿಗೆ. ಸಾಂಗ್ಲಿಯ ಹೊರಗೆ, ಹೊಳೆಯ ದಂಡೆಯಲ್ಲಿ ಅವನ ಅರಿಸಿನದ ಹಗೇವುಗಳಿದ್ದವು. ಹಗೇವು ಅಂದರೆ ನೆಲದಲ್ಲಿ ಹೂತಿಟ್ಟ ದೊಡ್ಡ ಕೊಡದ ಹಾಗೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೂರಾಳು ಆಳ. ಅರಿಸಿನ ತುಂಬಿ ವರ್ಷಗಟ್ಟಲೆ ಮುಚ್ಚಿಟ್ಟ ಹಗೇವನ್ನು ತೆರೆದ ದಿನ ಒಳಗಿನ ಹವೆ ವಿಷ. ಮೊದಲು ಕಂದೀಲು ಇಳಿಸಬೇಕು. ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆದರೆ ಅಂದು ಮಿರಜ ಸ್ಟೇಶನ್ನಿನಲ್ಲಿ ಅರಿಸಿನ ತುಂಬಿಕೊಳ್ಳಲು ರೈಲು ಡಬ್ಬಿ ಕಾಯುತ್ತಿತ್ತು. ಕಂದೀಲಿನ ಬದಲು ನಮ್ಮಪ್ಪ ಆರಿಹೋದರೆ ಸಾವುಕಾರನಿಗೆ ಏನೂ ನಷ್ಟವಿರಲಿಲ್ಲ.

"ಒಂದ ತಾಸು ತಡೀರಿ ಧಣೇರ. ಹವಾ ಹೊರಗ ಹೋಗ್ಲಿ," ಅಂದ ಅಪ್ಪ.

"ಹವಾ! ನಿನಗ ಹವಾ ಬ್ಯಾರೆ ಬೇಕೇನಲೇ?"

ಸಾವುಕಾರ ಕೊಡೆ ಎತ್ತಿ ಬೀಸಿದ. ಅಪ್ಪ ಬಗ್ಗಿದ. ಏಟು ಯಾರಿಗೂ ಬೀಳಲಿಲ್ಲ, ಏಟಿನ ಹಿಂದೆ ಸಾವುಕಾರನೇ ಹೋದ. ಅಂಚಿನ ಮಣ್ಣು ಜಾರಿತು, ಧೋತರ ಒಮ್ಮೆ ಅರಳಿತು, ಆಮೇಲೆ ಅವನು ಕಾಣಲಿಲ್ಲ.

ಕೆಳಗೆ ದಪ್ ಅಂತ ಸಪ್ಪಳವಾಯಿತು. ಮೇಲೆ ಅರಿಸಿನ ಹೊರಲು ಬಂದ ನಾವು ನಾಲ್ವರು ಹೆಂಗಸರಿದ್ದೆವು: ನಾನು ತುಳಸವ್ವ, ಇಂದ್ರವ್ವ, ನಾಗವ್ವ ಮತ್ತು ಅವಳ ಸೊಸೆ. ನಾಲ್ವರಿಗೂ ಮೊದಲು ಬಂದದ್ದು ನಗು. ಸುಳ್ಳು ಯಾಕೆ ಹೇಳಲಿ? ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಕಾಲ ಮುರೀತೋ! ಯಾವ ರಂಡಿ ನಗಾಕತ್ತಾಳ? ನಿಮ್ಮ ವಂಶ ಹಾಳಾಗ!" ಕೆಳಗಿನಿಂದ ಕೂಗು ಬಂತು.

ಗುಮಾಸ್ತ ಕಲ್ಲಯ್ಯ ಅಂಚಿನಿಂದ ನಾಲ್ಕು ಮಾರು ದೂರ ನಿಂತು ಕತ್ತು ಚಾಚಿದ. "ಒಳಗ ಹವಾ ಹೆಂಗೈತ್ರೀ ಸಾವ್ಕಾರ್ರ?"

"ನಿನ್ನ ಹೆಣಾ ಎತ್ತಲಿ!"

"ಬೈಯಾಕತ್ತಾರ. ಹಂಗಾರ ಹವಾ ಛಲೋ ಐತಿ," ಅಂದಳು ಇಂದ್ರವ್ವ. ನಾವು ಮತ್ತೆ ಹೊಟ್ಟೆ ಹಿಡಿದುಕೊಂಡೆವು.

ಕೆಳಗಿನಿಂದ ಬೈಗಳು ಬರುತ್ತಲೇ ಇದ್ದವು. ಮೊದಲು ನಮ್ಮ ಏಳು ತಲೆಮಾರನ್ನೂ ಬೈದ. ಆಮೇಲೆ ಬರೀ ಅವ್ವ, ಅಪ್ಪ. ಆಮೇಲೆ "ನಿಮ್ಮ… ನಿಮ್ಮ…" ಅನ್ನುತ್ತ, ಯಾರನ್ನು ಬೈಯಬೇಕು ಅನ್ನುವುದೇ ಅವನಿಗೆ ಸಿಗದಂತಾಯಿತು. ನಮ್ಮ ನಗು ನಿಂತಿತು.

ಹಮಾಲರೆಲ್ಲ ಗಾಡಿಗಳ ಜೊತೆ ಮಿರಜಿಗೆ ಹೋಗಿದ್ದರು. ಗಂಡಸು ಅಂತ ಉಳಿದವರು ಕಲ್ಲಯ್ಯ ಮತ್ತು ನಮ್ಮಪ್ಪ. ಕಲ್ಲಯ್ಯ ಹಗೇವಿಗೆ ಮೂರು ಸುತ್ತು ಹಾಕಿದ. "ನನಗ ದಮ್ಮು ಐತೆವ್ವಾ. ಡಾಕ್ಟರ್ ಇಳೀಬ್ಯಾಡ ಅಂದಾರ," ಅಂದ. ಯಾವ ಡಾಕ್ಟರು ಹಗೇವಿನ ಮಾತು ಆಡಿದ್ದನೋ!

ಪ್ರತಿ ರವಿವಾರ ನಮ್ಮ ಕೇರಿಯ ಬೇವಿನ ಮರದ ಕೆಳಗೆ ಪಾದ್ರಿ ಬಂದು ಯೇಸುವಿನ ಮಾತು ಹೇಳುತ್ತಿದ್ದ. ಹಿಂದಿನ ವಾರ ಒಂದು ಕತೆ ಹೇಳಿದ್ದ. ದಾರಿಯಲ್ಲಿ ಒಬ್ಬ ಏಟು ತಿಂದು ಬಿದ್ದಿರುತ್ತಾನೆ. ದೊಡ್ಡವರು ನೋಡಿಯೂ ನೋಡದ ಹಾಗೆ ಆಚೆ ಬದಿಯಿಂದ ಹೋಗುತ್ತಾರೆ. ಕೊನೆಗೆ ಯಾರೂ ಹತ್ತಿರ ಸೇರಿಸದವನೊಬ್ಬ ಬಂದು ಎತ್ತಿಕೊಳ್ಳುತ್ತಾನೆ. ನಮಗೆ ಆ ಕತೆ ಬಹಳ ಹಿಡಿಸಿತ್ತು. ಆಚೆ ಬದಿಯಿಂದ ಹೋದವನು ಸಾಕ್ಷಾತ್ ಕಲ್ಲಯ್ಯನೇ ಅಂತ ನಾವು ತೀರ್ಮಾನಿಸಿದ್ದೆವು. ಬಿದ್ದವನು ನಮ್ಮವನು, ಅದರಲ್ಲಿ ಅನುಮಾನವೇ ಇರಲಿಲ್ಲ. ದಾರಿಯಲ್ಲಿ ಏಟು ತಿಂದು ಬೀಳುವವರು ಇನ್ನಾರು? ಬಿದ್ದವನು ಗುರುಬಸಪ್ಪ ಆಗಬಹುದು ಅಂತ ಪಾದ್ರಿ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

"ಈ ಮನಶ್ಯಾನ ಮ್ಯಾಲೂ ಕರುಣಾ ತೋರಸಬೇಕಂತೇನು?" ನಾಗವ್ವ ಸಿಟ್ಟಿನಿಂದ ಕೇಳಿದಳು.

"ಪಾದ್ರಿ ಹೆಸರ ಹೇಳಲಿಲ್ಲ," ಅಂದಳು ಇಂದ್ರವ್ವ.

"ಹೇಳಿದ್ರ ನಾ ಅವತ್ತ ಎದ್ದ ಹೋಗತಿದ್ನಿ."

ಅಷ್ಟರಲ್ಲಿ ಅಪ್ಪ ತಲೆಯ ಪಟಕವನ್ನು ಬಿಚ್ಚಿ ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡಿದ್ದ. ಸೊಂಟಕ್ಕೆ ಒಂದು ಹಗ್ಗ, ಕೈಯಲ್ಲಿ ಇನ್ನೊಂದು. ನಾನು ಅವನ ತೋಳು ಹಿಡಿದೆ.

"ಬ್ಯಾಡಪ್ಪಾ. ಅವಾ ಈಗ ನಿನ್ನ ಕೊಲ್ಲಾಕ ಹೊಂಟಿದ್ದ."

"ಹೂಂ. ಅವಗ ಬರೇ ಕೊಲ್ಲಾಕ ಬರತೈತಿ. ನನಗ ಎತ್ತಾಕ ಬರತೈತಿ. ಹಗ್ಗ ಗಟ್ಟಿ ಹಿಡಿ, ಹುಚ್ಚಿ."

ಇಳಿದೇಬಿಟ್ಟ. ಸ್ವಲ್ಪ ಹೊತ್ತಿಗೆ ಅವನು ಕೈಯಲ್ಲಿ ಒಯ್ದ ಹಗ್ಗ ಅಲುಗಿತು. ನಾಲ್ವರೂ ಜಗ್ಗಿದೆವು. ಸಾವುಕಾರ ಮೇಲೆ ಬಂದ. ತಲೆಯಿಂದ ಕಾಲಿನವರೆಗೆ ಅರಿಸಿನ, ಮದುವೆಯ ಸುರಿಗೆ ನೀರಿನ ಸ್ನಾನಕ್ಕೆ ಕೂರಿಸಿದ ಮದುಮಗನ ಹಾಗೆ. ಬಾಯಿ ತೆರೆದು ಉಸಿರೆಳೆದುಕೊಂಡ. ಉಸಿರು ಬಂದ ಕೂಡಲೇ ಅಂದ:

"ಮುಟ್ಟಬ್ಯಾಡ್ರೇ!"

ಅಪ್ಪನ ಸೊಂಟದ ಹಗ್ಗ ಅಲುಗಲಿಲ್ಲ. ನಾನು ಕೂಗಿದೆ, ಒಳಗಿನಿಂದ ಓ ಅನ್ನಲಿಲ್ಲ. ಜಗ್ಗಿ ಎಳೆದಾಗ ಅಪ್ಪ ಚೀಲದ ಹಾಗೆ ಮೇಲೆ ಬಂದ. ತುಟಿ ನೀಲಿಯಾಗಿತ್ತು. ಎದೆಗೆ ಕಿವಿ ಇಟ್ಟೆ. ಉಸಿರು ಇತ್ತು, ಆದರೆ ಹೊರಗೆ ಹೋದದ್ದು ಒಳಗೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

ಹೊತ್ತೊಯ್ಯಲು ನಮ್ಮ ಹತ್ತಿರ ಇದ್ದದ್ದು ಮಳೆಗೆ ಚೀಲ ಮುಚ್ಚುವ ಒಂದೇ ತಾಡಪತ್ರಿ, ಎರಡು ಬಿದಿರಿನ ಗಳ.

"ಸಾವ್ಕಾರ್ರನ್ನ ಹಾಕ್ಕೋರಿ. ಅವನ್ನ ನೆರಳಾಗ ಒರಗಸ್ರಿ, ಆಮ್ಯಾಲ ನೋಡೂಣು," ಅಂದ ಕಲ್ಲಯ್ಯ.

ನಾನು ಮೊದಲು ಅಪ್ಪನನ್ನು ಮಲಗಿಸಿದೆ. ಪಕ್ಕದಲ್ಲಿ ಸಾವುಕಾರನನ್ನು ಉರುಳಿಸಿದೆ. ತಾಡಪತ್ರಿಯನ್ನು ಗಳಗಳಿಗೆ ಬಿಗಿದೆವು.

"ಏ, ಮೈಗೆ ಮೈ ತಾಗಾಕತ್ತೈತೆಲ್ಲೇ!" ಸಾವುಕಾರ ಒದ್ದಾಡಿದ.

"ಹಗೇವಿನ್ಯಾಗ ತಾಗೇತಲ್ರೀ," ಅಂದಳು ಇಂದ್ರವ್ವ. "ಇನ್ನ ಎಷ್ಟ ತಾಗಿದ್ರೂ ಅಷ್ಟ."

ಹೊತ್ತುಕೊಂಡು ಓಡಿದೆವು. ಮಿಶನ್ ದವಾಖಾನೆ ಪೇಟೆಯ ಆಚೆ ತುದಿಯಲ್ಲಿತ್ತು. ನಮ್ಮ ಜನರ ದಾರಿ ಹೊಳೆಯ ದಂಡೆಯ ಸುತ್ತು ದಾರಿ, ಎರಡು ಮೈಲಿ. ನೆಟ್ಟಗೆ ಹೋದರೆ ದೊಡ್ಡ ಬೀದಿ. ಗುಡಿ ಇರುವ ಬೀದಿ ಅಂತ ಅಲ್ಲಿ ನಾವು ಕಾಲಿಡುವಂತಿರಲಿಲ್ಲ. ಎರಡು ಮೈಲಿ ಅಪ್ಪನ ಉಸಿರು ಬಾಳುತ್ತಿರಲಿಲ್ಲ. ನಾನು ದೊಡ್ಡ ಬೀದಿಗೆ ತಿರುಗಿದೆ. ಮೂವರೂ ಏನೂ ಕೇಳದೆ ತಿರುಗಿದರು.

ದಮ್ಮಿನ ಕಲ್ಲಯ್ಯ ನಮಗಿಂತ ಮೊದಲೇ ಓಡಿಹೋಗಿ ಬೀದಿಯ ಬಾಯಲ್ಲಿ ನಿಂತಿದ್ದ. ಜೊತೆಗೆ ಬಡಿಗೆ ಹಿಡಿದ ನಾಲ್ಕಾರು ಅಂಗಡಿಯವರು, ಗುಡಿಯ ಪೂಜಾರಿ.

"ಹೊಲ್ಯಾನ್ನ ಇಳಿಸ್ರಿ! ಸಾವ್ಕಾರ್ರನ್ನ ಒಯ್ರಿ!" ಕಲ್ಲಯ್ಯ ಕೂಗಿದ.

"ನಮ್ಮ ಕೈ ಖಾಲಿ ಇಲ್ಲ. ನೀವ ಇಳಿಸ್ಕೋರಿ," ಅಂದೆ.

ಯಾರೂ ಮುಂದೆ ಬರಲಿಲ್ಲ. ಕಲ್ಲಯ್ಯ ಪೂಜಾರಿಯ ಮುಖ ನೋಡಿದ.

"ನಾ ಮಡಿಯೊಳಗದೀನಿ," ಅಂದ ಪೂಜಾರಿ. "ನೀನ ಎತ್ತೋ."

"ನಂದೂ ಸ್ನಾನ ಆಗೇತ್ರೀ."

"ಹಂಗಾರ ಸಾವ್ಕಾರ್ರನ್ನರ ಎತ್ತಿಕೋರಿ," ಅಂದಳು ನಾಗವ್ವ. ತಾಡಪತ್ರಿ ನಡುವೆ ಜೋತು ಇಬ್ಬರನ್ನೂ ಒಬ್ಬರಿಗೊಬ್ಬರು ಅಂಟುವಂತೆ ಒತ್ತಿಬಿಟ್ಟಿತ್ತು, ಮೂಗಿಗೆ ಮೂಗು. ಬೀಳದಿರಲಿ ಅಂತ ಸಾವುಕಾರ ಅಪ್ಪನ ಕೊರಳನ್ನೇ ತಬ್ಬಿಕೊಂಡಿದ್ದ. ಅವನನ್ನು ಮುಟ್ಟಿದರೆ ಅಪ್ಪನನ್ನೂ ಮುಟ್ಟಬೇಕು. ಒಬ್ಬ ಸಿಟ್ಟಿನಲ್ಲಿ ಬಡಿಗೆ ಎತ್ತಿದ. ಯಾರ ಮೇಲೆ ಬೀಳುತ್ತದೋ ತಿಳಿಯದೆ ಇಳಿಸಿದ.

"ದಾರಿ ಬಿಡ್ರಲೇ ಭಾಡ್ಯಾಗೋಳ್ರಾ!" ಸಾವುಕಾರನೇ ಕಿರುಚಿದ. "ನನ್ನ ಕಾಲ ಹೊಂಟೈತಿ!"

ಬಿಟ್ಟರು.

ನನಗೆ ಅಳು, ನಗು ಎರಡೂ ಕೂಡಿ ಬಂದವು. ದಿನವೂ ನಾವು ಊರ ಅಂಚಿನಲ್ಲಿ "ಬಂದೇವ್ರೀ, ದೂರ ಸರೀರಿ" ಅಂತ ಕೂಗಿಕೊಂಡು, ತಲೆ ತಗ್ಗಿಸಿ ಹೋಗುವವರು. ಇಂದು ಅದೇ ಮಾತನ್ನು ತಲೆ ಎತ್ತಿ ಕೂಗಿದೆವು. "ಬಂದೇವ್ರೀ! ದೂರ ಸರೀರಿ!" ಜನ ಗೋಡೆಗೆ ಅಂಟಿಕೊಂಡರು. ಹಜಾಮನ ಮುಂದೆ ಕೂತಿದ್ದ ಒಬ್ಬ ಅರ್ಧ ಬೋಳಿಸಿದ ತಲೆಯಲ್ಲೇ ಎದ್ದು ನಿಂತ. ನಾಗವ್ವನ ಸೊಸೆ ಕಿಲಕಿಲ ನಗಲು ಶುರುಮಾಡಿದಳು. ಗಳ ಹೆಗಲ ಮೇಲೆ ಕುಣಿಯಿತು.

ಗುಡಿಯ ಮುಂದೆ ಬಂದಾಗ ಅಪ್ಪ ಕೆಮ್ಮಿದ. ಕಣ್ಣು ತೆರೆದ. ಅವನಿಗೆ ಕಂಡದ್ದು ಗುಡಿಯ ಶಿಖರ, ಹಿತ್ತಾಳೆಯ ಗಂಟೆ, ಮಾಳಿಗೆಗಳಿಂದ ಬಗ್ಗಿ ನೋಡುತ್ತಿದ್ದ ಮುಖಗಳು. ಅರವತ್ತು ವರ್ಷ ಇದೇ ಊರಲ್ಲಿ ದುಡಿದಿದ್ದ. ಇದನ್ನು ನೋಡಿರಲಿಲ್ಲ.

"ತುಳಸೀ, ಎಲ್ಲಿ ಬಂದೇವಿ?"

"ದೊಡ್ಡ ಬೀದ್ಯಾಗ, ಅಪ್ಪಾ. ಗುಡಿ ಮುಂದ."

"ಓಡ್ರೇ! ಲಗೂ ಓಡ್ರೇ!" ಪಕ್ಕದಲ್ಲಿ ಸಾವುಕಾರ ಒದರುತ್ತಿದ್ದ.

ಅಪ್ಪ ಮತ್ತೊಮ್ಮೆ ಕೆಮ್ಮಿ, ಕಷ್ಟಪಟ್ಟು ಉಸಿರು ಒಟ್ಟುಮಾಡಿಕೊಂಡ.

"ಸಾವಕಾಶ ನಡೀರಿ," ಅಂದ.

ಅವನ ತುಟಿ ಇನ್ನೂ ನೀಲಿಯಾಗಿಯೇ ಇತ್ತು. ನಾವು ನಾಲ್ವರೂ ಹೆಜ್ಜೆ ನಿಧಾನ ಮಾಡಿದೆವು.