ಖಾಲಿ ಪೆಟ್ಟಿಗೆ ಸಾಕಿದ ಫಕ್ಕೀರಪ್ಪ

ಬ್ಯಾಡಗಿಯ ಫಕ್ಕೀರಪ್ಪನ ಗಿರಣಿಯಲ್ಲಿ ಇಲಿಗಳದೇ ಕಾರುಬಾರು. ಜೋಳದ ಚೀಲ ಕಡಿದವು, ಯಂತ್ರದ ಬೆಲ್ಟು ಕಡಿದವು, ಕೊನೆಗೆ ಬಾಗಿಲ ಹಿಂದೆ ತೂಗುಹಾಕಿದ್ದ ಹೊಸ ಅಂಗಿಯ ಕಿಸೆಯನ್ನೂ ಬಿಡಲಿಲ್ಲ. ಗಿರಾಕಿಗಳು ಡಬ್ಬಿ ಇಟ್ಟು ಸಂಜೆಗೆ ಬರುತ್ತೇವೆ ಎಂದು ಹೋದರೆ, ಸಂಜೆಯವರೆಗೆ ಆ ಡಬ್ಬಿ ಕಾಯುವುದೇ ಒಂದು ಕೆಲಸ. ಬೋನು ಇಟ್ಟ, ಔಷಧ ಇಟ್ಟ. ಇಲಿಗಳು ಬೀಗರ ಮನೆಗೆ ಹೋದವರಂತೆ ಒಂದು ವಾರ ಕಾಣೆಯಾಗಿ, ಎಂಟನೆಯ ದಿನ ಮತ್ತೆ ಹಾಜರಾಗುತ್ತಿದ್ದವು.

ಅಂಥದರಲ್ಲಿ ಒಂದು ದಿನ ಗಿರಣಿಯ ಸಾಮಾನು ತರಲು ಫಕ್ಕೀರಪ್ಪ ರಾಣೆಬೆನ್ನೂರಿಗೆ ಹೋದ. ಹೋದವನು ಹಳೆಯ ಗೆಳೆಯ ಪ್ರವೀಣಕುಮಾರನ ಬೀಜದ ಅಂಗಡಿಗೂ ಹೋದ. ಅಂಗಡಿಯ ಮೇಲಿನ ಖೋಲಿಯಲ್ಲಿ ಪ್ರವೀಣಕುಮಾರ ಒಂದು ಹಾವು ಸಾಕಿದ್ದ. ಬೋವಾ ಅಂತ ಹೊರದೇಶದ ಜಾತಿ. ಎಂಟು ಫೂಟು ಉದ್ದ, ಮುಂಗೈಯಷ್ಟು ದಪ್ಪ, ಮೈಮೇಲೆ ಕಂದು ಬಣ್ಣದ ಪಟ್ಟೆ. ನಾಲ್ಕು ವರ್ಷದ ಹಿಂದೆ ಮರಿಯಾಗಿ ತಂದಾಗ ಮೊಳದುದ್ದ ಇತ್ತಂತೆ. ಈಗ ಪ್ರವೀಣಕುಮಾರ ಊರು ಬಿಟ್ಟು ಬಾಡಿಗೆ ಮನೆಗೆ ಹೋಗುವವನಿದ್ದ. ಹೊಸ ಮನೆಯ ಮಾಲಕರು ಹಾವು ತಂದರೆ ಬಾಗಿಲೇ ತೆಗೆಯುವುದಿಲ್ಲ ಎಂದಿದ್ದರು. ಒಂದೂವರೆ ತಿಂಗಳೊಳಗೆ ಹಾವಿಗೆ ಒಂದು ನೆಲೆ ಕಾಣಿಸಬೇಕಿತ್ತು.

ಮಾತನಾಡುತ್ತಲೇ ಪ್ರವೀಣಕುಮಾರ ಹಾವನ್ನು ಎತ್ತಿ ಗೆಳೆಯನ ಹೆಗಲ ಮೇಲೆ ಹಾಕಿದ. ಫಕ್ಕೀರಪ್ಪನಿಗೆ ಮೊದಲು ಜೀವ ಬಾಯಿಗೆ ಬಂತು. ಆಮೇಲೆ ಅದು ಮೆಲ್ಲಗೆ ತೋಳಿಗೆ ಸುತ್ತಿಕೊಂಡು, ಮುಂಗೈ ಮೇಲೆ ತಲೆ ಇಟ್ಟು ಸುಮ್ಮನಾಯಿತು. ದಸರೆಯ ಹೊತ್ತಿಗೆ ಅವನ ಮುದಿ ನಾಯಿ ಸತ್ತಿತ್ತು. ಅಂದಿನಿಂದ ಅವನ ಕೈಮೇಲೆ ಹೀಗೆ ನಂಬಿ ತಲೆ ಇಟ್ಟ ಜೀವ ಇರಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು. ಹಿಂದೆಮುಂದೆ ನೋಡದೆ, ನಾನೇ ಒಯ್ಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟ.

ಮನೆಗೆ ಬಂದು ಹೇಳಿದಾಗ ಹೆಂಡತಿ ಪ್ರೇಮವ್ವ ಕೂಗಾಡಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಒಂದೇ ಮಾತು ಕೇಳಿದಳು.

"ಅದನ್ನ ಜ್ವಾಕಿ ಮಾಡೂದು ಹೆಂಗ್ರಿ? ಪಂಚಮಿಗೆ ಹುತ್ತಕ್ಕ ಹಾಲು ಹಾಕಿದ್ದು ಬಿಟ್ರ ನಮಗೇನ ಗೊತ್ತೈತಿ?"

ಅದಕ್ಕೇನು, ಗಿರಣಿಯಲ್ಲಿ ಇಲಿ ಇವೆಯಲ್ಲ ಎಂದು ಫಕ್ಕೀರಪ್ಪ ನಕ್ಕ. ಹಾವಿನ ಹೊಟ್ಟೆಯೂ ತುಂಬುತ್ತದೆ, ಇಲಿ ಕಾಟವೂ ಹೋಗುತ್ತದೆ, ಹಾವು ನೋಡಲು ಗಿರಾಕಿಗಳೂ ಬರುತ್ತಾರೆ. ಲೆಕ್ಕ ಅವನಿಗೆ ಅಷ್ಟು ಸರಳವಾಗಿ ಕಂಡಿತು. ಮರುದಿನವೇ ಬಡಿಗ ಮೈಲಪ್ಪನನ್ನು ಕರೆಸಿ ಆರು ಫೂಟಿನ ಪೆಟ್ಟಿಗೆ ಮಾಡಿಸಿದ. ಮುಂದೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಗಾಳಿಯಾಡಲು ಸಣ್ಣ ಜಾಳಿಗೆ. ಗಿರಣಿಯ ಪಕ್ಕದ ಖೋಲಿಯಲ್ಲಿ ಅದನ್ನು ಇಡಿಸಿ, ಬರುವ ಹಾವಿಗೆ ರಾಜಾ ಎಂದು ಹೆಸರೂ ಇಟ್ಟ. ಪ್ರೇಮವ್ವ ಒಂದೇ ಷರತ್ತು ಹಾಕಿದಳು. ಶಾಹೀನಳನ್ನು ಕೇಳದೆ ಹಾವು ಊರೊಳಗೆ ಬರಕೂಡದು.

ಶಾಹೀನ್ ಅದೇ ಓಣಿಯ ಹುಡುಗಿ, ಈಗ ಹಾವೇರಿಯಲ್ಲಿ ದನಕರುಗಳ ಡಾಕ್ಟರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಭಾನುವಾರ ಅವಳು ತಾಯಿ ಅಮೀರಬಿ ತೊಟ್ಟು ಬಿಡಿಸಿ ಕೊಟ್ಟ ಮೆಣಸಿನಕಾಯಿ ಹೊತ್ತು ಖಾರ ಕುಟ್ಟಿಸಲು ಬಂದಳು. ಪ್ರಾಣಿಗಳ ಡಾಕ್ಟರು ತನ್ನ ಕಡೆಗೇ ಮಾತಾಡುತ್ತಾಳೆ ಎಂದು ಫಕ್ಕೀರಪ್ಪನ ಭರವಸೆ. ಪೆಟ್ಟಿಗೆ ತೋರಿಸಿದ. ಅವಳು ಬಾಗಿಲು ತೆರೆದು ಮುಚ್ಚಿ ನೋಡಿ, ಮೈಲಪ್ಪನ ಕೆಲಸ ಬಲು ಚಂದ ಎಂದಳು. ಆಮೇಲೆ ಜೋಳದ ಚೀಲದ ಮೇಲೆ ಕುಳಿತು, ಈ ಹಾವು ಎಷ್ಟು ವರ್ಷ ಬದುಕುತ್ತದೆ ಗೊತ್ತೇ ಎಂದು ಕೇಳಿದಳು. ಐದಾರು ವರ್ಷ ಇರಬಹುದು ಎಂದು ಅವನ ಅಂದಾಜು.

"ಚಂದಂಗ ನೋಡ್ಕೊಂಡ್ರ ಇಪ್ಪತ್ತು ಇಪ್ಪತ್ತೈದು ವರ್ಷ, ಕಾಕಾ. ಅದಕ್ಕ ಈಗಿನ್ನೂ ನಾಲ್ಕ."

ಫಕ್ಕೀರಪ್ಪನಿಗೆ ಐವತ್ತನಾಲ್ಕು. ಬೆರಳು ಮಡಚಿ ಎಣಿಸಲು ಶುರು ಮಾಡಿದವನು ಎಪ್ಪತ್ತು ದಾಟುತ್ತಲೇ ಎಣಿಸುವುದನ್ನು ಬಿಟ್ಟ.

ಇಲಿಯ ಲೆಕ್ಕವೂ ತಲೆಕೆಳಗಾಯಿತು. ಬೆಳೆದ ಬೋವಾ ಎರಡು ಮೂರು ವಾರಕ್ಕೊಮ್ಮೆ ತಿನ್ನುತ್ತದೆ ಅಷ್ಟೆ. ಅಷ್ಟರಲ್ಲಿ ಗಿರಣಿಯ ಇಲಿಗಳು ಮಕ್ಕಳು ಮೊಮ್ಮಕ್ಕಳನ್ನು ಕಂಡಿರುತ್ತವೆ. ಮೇಲಾಗಿ ಗಿರಣಿಯ ಇಲಿ ಔಷಧ ತಿಂದಿರುತ್ತದೆ, ರೋಗ ಹೊತ್ತಿರುತ್ತದೆ. ಅದನ್ನು ಹಾಕಿದರೆ ಹಾವೇ ಸಾಯಬಹುದು. ಹಾವಿನ ಆಹಾರಕ್ಕೆಂದೇ ಬೆಳೆಸಿದ ಇಲಿಗಳನ್ನು ತರಿಸಿ, ಬರ್ಫದಲ್ಲಿ ಇಟ್ಟು, ಬೇಕಾದಾಗ ಬೆಚ್ಚಗೆ ಮಾಡಿ ಹಾಕಬೇಕು. ಹಾಲಂತೂ ಹಾಕಲೇಬಾರದು, ಅದು ಹಾವಿಗೆ ಅರಗುವುದಿಲ್ಲ.

"ಬರ್ಫದಾಗಂದ್ರ ನಮ್ಮ ಫ್ರಿಜ್ಜಿನ್ಯಾಗೇನ?" ಎಂದು ಪ್ರೇಮವ್ವ ಕೇಳಿದಳು.

ವಿಷವಿಲ್ಲದ ಹಾವು ತಾನೇ ಎಂದು ಫಕ್ಕೀರಪ್ಪ ಇನ್ನೂ ಜಗ್ಗಿದ. ವಿಷವಿಲ್ಲ ಎಂಬುದು ಖರೆ ಎಂದಳು ಶಾಹೀನ್. ಆದರೆ ಕಚ್ಚುತ್ತದೆ, ಸುತ್ತಿ ಬಿಗಿಯುವ ಶಕ್ತಿಯಿದೆ. ಅಷ್ಟು ದೊಡ್ಡ ಹಾವನ್ನು ಹೊರಗೆ ತೆಗೆಯುವಾಗ ಇಬ್ಬರು ದೊಡ್ಡವರು ಇರಲೇಬೇಕು. ಇವನ ಮೊಮ್ಮಗಳು ಮಧು ನಾಲ್ಕು ವರ್ಷದ ಕೂಸು, ದಿನವಿಡೀ ಅದೇ ಖೋಲಿಯಲ್ಲಿ ಆಡುತ್ತದೆ. ಬೀಗ ಒಂದು ದಿನವೂ ಮರೆಯುವಂತಿಲ್ಲ. ಹೊರದೇಶದ ಹಾವಾದರೂ ಅರಣ್ಯ ಇಲಾಖೆಯಲ್ಲಿ ನೋಂದಣಿ ಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ನಮ್ಮ ನೆಲದ ಹೆಬ್ಬಾವನ್ನೋ ನಾಗರವನ್ನೋ ಮನೆಯಲ್ಲಿ ಇಟ್ಟುಕೊಳ್ಳುವುದಂತೂ ಅಪರಾಧ.

ಆಗದಿದ್ದರೆ ರಾಣೆಬೆನ್ನೂರಿನ ಕೃಷ್ಣಮೃಗದ ಅಡವಿಗೆ ಬಿಟ್ಟು ಬಂದರಾಯಿತು ಎಂದ ಫಕ್ಕೀರಪ್ಪ. ಅದನ್ನು ಕೇಳಿ ಶಾಹೀನ್ ಮೊದಲ ಸಲ ಮುಖ ಗಂಟು ಹಾಕಿದಳು. ಹೊರದೇಶದ ಜೀವವನ್ನು ಹಾಗೆ ಬಿಟ್ಟರೆ ಒಂದೋ ಅದು ನರಳಿ ಸಾಯುತ್ತದೆ, ಇಲ್ಲವೋ ಇಲ್ಲಿಯ ಪ್ರಾಣಿಗಳಿಗೆ ಕುತ್ತು ತರುತ್ತದೆ.

"ಹಂಗಾರ ಬ್ಯಾಡ ಅಂತೀಯೇನ?" ಫಕ್ಕೀರಪ್ಪನ ದನಿಯಲ್ಲಿ ಬೇಸರವಿತ್ತು.

"ನಾ ಬ್ಯಾಡ ಅನ್ನೂದಿಲ್ಲ ಕಾಕಾ. ಪೆಟ್ಟಿಗಿ ಹೆಂಗೂ ಮಾಡಿಸೀರಿ. ಒಂದ ತಿಂಗಳ ಈ ಖಾಲಿ ಪೆಟ್ಟಿಗಿ ಸಾಕ್ರಿ. ಒಳಗ ಹಾವು ಐತಿ ಅಂತನ ತಿಳೀರಿ. ತಿಂಗಳಾದ ಮ್ಯಾಲ ನೀವ ಹೇಳ್ರಿ, ತರೂದೋ ಬ್ಯಾಡೋ ಅಂತ."

ಒಂದು ಉಷ್ಣಮಾಪಕ, ಒಂದು ವಹಿ ಕೊಟ್ಟಳು. ದಿನಕ್ಕೆರಡು ಸಲ ಪೆಟ್ಟಿಗೆಯ ಶಾಖ ಬರೆಯಬೇಕು. ಬೆಳಿಗ್ಗೆ ನೀರು ಬದಲಿಸಬೇಕು, ಚೆಲ್ಲುವ ಮೊದಲು ಹಳೆಯ ನೀರನ್ನು ನೋಡಬೇಕು. ಬೀಗ ಹಾಕಬೇಕು. ಮರೆತರೆ ಮರೆತದ್ದನ್ನೂ ಬರೆಯಬೇಕು.

ಹಾವಿರುವ ಪೆಟ್ಟಿಗೆಯನ್ನೇ ಸಾಕಲು ಹೊರಟವನಿಗೆ ಖಾಲಿ ಪೆಟ್ಟಿಗೆ ಯಾವ ದೊಡ್ಡ ಮಾತು? ಮೊದಲ ವಾರ ಫಕ್ಕೀರಪ್ಪ ಎದ್ದವನೇ ಖೋಲಿಗೆ ಹೋಗುತ್ತಿದ್ದ. ಕೆಂಪು ಪ್ಲಾಸ್ಟಿಕ್ ಬೋಗುಣಿಯ ನೀರು ಚೆಲ್ಲಿ ಹೊಸದು ತುಂಬಿ, ಬೀಗ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಓಣಿಗೆಲ್ಲ ಸುದ್ದಿ ಹಬ್ಬಿತು. ಹಿಟ್ಟು ಬೀಸಿಸಲು ಬರುವ ಚೌಡವ್ವ ದಿನಾ ಗಾಜಿಗೆ ಮುಖ ಹಚ್ಚಿ ನೋಡಿ, ನಿಮ್ಮ ರಾಜಾ ಭಾರೀ ಸೊರಗ್ಯಾನಲ್ಲೋ ಫಕ್ಕೀರಪ್ಪ ಎಂದು ಕಾಡುತ್ತಿದ್ದಳು. ಅವನೂ ನಗುತ್ತಿದ್ದ.

ಎರಡನೆಯ ವಾರ ಬಿಸಿಲು ಏರಿತು. ಒಂದು ಮಧ್ಯಾಹ್ನ ನೋಡಿದರೆ ತಗಡಿನ ಮಾಳಿಗೆಯ ಕೆಳಗೆ ಪೆಟ್ಟಿಗೆಯೊಳಗೆ ನಲವತ್ತೊಂದು ಡಿಗ್ರಿ. ಹಾವು ಇದ್ದಿದ್ದರೆ ಬೆಂದು ಹೋಗುತ್ತಿತ್ತು. ಫಕ್ಕೀರಪ್ಪ ಗಿರಣಿ ಬಂದ್ ಮಾಡಿ, ಗೋಣಿಚೀಲ ತೋಯಿಸಿ ಪೆಟ್ಟಿಗೆಗೆ ಹೊದಿಸಿದ. ಖಾಲಿ ಪೆಟ್ಟಿಗೆಗೆ ಗಾಳಿ ಹಾಕುತ್ತ ಬೆವರಿಳಿಸಿಕೊಂಡು ನಿಂತ ಅವನನ್ನು ನೋಡಿ ಸರದಿಯಲ್ಲಿದ್ದ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಆದರೂ ಅವನು ಸೋಲಲಿಲ್ಲ. ಮಾಳಿಗೆಗೆ ಜೋಳದ ಕಣಿಕೆ ಹೊದಿಸಿದರಾಯಿತು ಎಂದುಕೊಂಡ.

ಮೂರನೆಯ ವಾರ ಕಾಗಿನೆಲೆಯಲ್ಲಿ ಬೀಗರ ಮದುವೆ, ಎರಡು ದಿನದ ಮಾತು. ಪೆಟ್ಟಿಗೆ ನೋಡಿಕೊಳ್ಳುವವರು ಯಾರು? ಚೌಡವ್ವನನ್ನು ಕೇಳಿದ.

"ಖಾಲಿ ಐತಿ ಅಂತ ಬರತೇನೋ ಯಪ್ಪಾ. ಹಾವು ಬಂದ ದಿನಾ ಈ ಹೊಸ್ತಿಲಾ ದಾಟೂದಿಲ್ಲ."

ಓಣಿಯಲ್ಲಿ ಇನ್ನು ನಾಲ್ಕು ಜನರನ್ನು ಕೇಳಿದ. ನಾಲ್ವರದೂ ಅದೇ ಮಾತು. ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಅವನ ಚಿತ್ತ ಉಷ್ಣಮಾಪಕದ ಮೇಲಿತ್ತು. ಮುಂದಿನ ಇಪ್ಪತ್ತು ವರ್ಷ ಹೋಳಿಗೆ ಹೀಗೇ ಗಂಟಲಲ್ಲಿ ಇಳಿಯುತ್ತದೇನೋ ಎನ್ನಿಸಿತು.

ಊರಿಗೆ ಬಂದು ವಹಿಯ ಹಿಂದಿನ ಹಾಳೆಗಳನ್ನು ತಿರುವಿದರೆ, ಅಲ್ಲಲ್ಲಿ ಕುಂಕುಮದ ಬೊಟ್ಟು. ಒಂದು, ಎರಡು, ಮೂರು, ನಾಲ್ಕು. ಇದೇನೆಂದು ಪ್ರೇಮವ್ವನನ್ನು ಕೇಳಿದ. ಅವಳು ದನಿ ಏರಿಸದೆ ಹೇಳಿದಳು.

"ನೀವು ಬೀಗ ಮರೆತ ದಿನಾರಿ. ನಾಲ್ಕ ಸಲಾನೂ ನಾನ ಹಾಕೇನಿ. ಒಂದ ಸಲ ಮಧು ಬಾಗಲಾ ಸರಿಸಿ, ಬೊಂಬಿ ಒಳಗ ಮಲಗಿಸಿದ್ಳು."

ಫಕ್ಕೀರಪ್ಪ ಹೊರಗೆ ಓಡಿದ. ಅಂಗಳದಲ್ಲಿ ಅದೇ ಬೊಂಬೆ ಹಿಡಿದು ಆಡುತ್ತಿದ್ದ ಮಧುವನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಆದರೂ ಕೊಟ್ಟ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ತಾನು ಬೇಡವೆಂದರೆ ಆ ಹಾವಿನ ಗತಿ ಏನು? ಎರಡು ಬೀಗ ಹಾಕುತ್ತೇನೆ, ಖೋಲಿಗೂ ಒಂದು ಕದ ಮಾಡಿಸುತ್ತೇನೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಕೆಂಪು ಬೋಗುಣಿಯ ಜಾಗದಲ್ಲಿ ಬಿಳಿಯ ಪಿಂಗಾಣಿ ಬಟ್ಟಲಿತ್ತು. ಪ್ಲಾಸ್ಟಿಕ್ಕಿನದು ಸೀಳಿತ್ತು ಎಂದಳು ಪ್ರೇಮವ್ವ. ಬೇಕಂತಲೇ ಬದಲಿಸಿದಳೋ ಏನೋ, ಆಕೆಯನ್ನೇ ಕೇಳಬೇಕು. ಅದು ಮೆಣಸಿನಕಾಯಿಯ ಸುಗ್ಗಿ. ಹಿಂದಿನ ದಿನವಿಡೀ ಖಾರ ಕುಟ್ಟುವ ಯಂತ್ರ ನಿಂತಿರಲೇ ಇಲ್ಲ. ಬಿಳಿ ಬಟ್ಟಲಿನ ನೀರು ಕೆಂಪಗಾಗಿತ್ತು. ಬಟ್ಟಲ ಅಂಚಿನ ಸುತ್ತ ಕೆಂಪು ಪುಡಿ ಗೆರೆ ಎಳೆದಂತೆ ಕೂತಿತ್ತು.

ಹಿಟ್ಟಿನ ಡಬ್ಬಿ ಹಿಡಿದು ಬಂದ ಚೌಡವ್ವ ಇಣುಕಿ ನೋಡಿ, ರಾಜಾನಿಗೆ ಸಾರು ಮಾಡೀಯೇನ ಎಂದಳು. ಫಕ್ಕೀರಪ್ಪನಿಗೆ ರೇಗಿತು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ಇದು ಬರೀ ಬಣ್ಣ ಎಂದವನೇ ಬಟ್ಟಲೆತ್ತಿ ಎರಡು ಗುಟುಕು ಕುಡಿದ. ಮೂವತ್ತು ವರ್ಷ ಖಾರದ ಘಾಟಿನಲ್ಲಿ ನಿಂತು ಒಂದು ಸೀನೂ ಸೀನದ ಗಂಡಸು. ಗಂಟಲು ಹತ್ತಿ ಉರಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು ಅಲ್ಲೇ ನೆಲಕ್ಕೆ ಕುಳಿತ. ಚೌಡವ್ವ ನಗುವುದನ್ನು ಬಿಟ್ಟು ಬೆಲ್ಲ ತರಲು ಓಡಿದಳು.

ಕೆಮ್ಮು ನಿಂತ ಮೇಲೂ ಅವನು ಏಳಲಿಲ್ಲ. ಗಾಜಿನೊಳಗೆ ನೋಡುತ್ತ ಕುಳಿತ. ತಾನಾದರೆ ಕೆಮ್ಮಿದ, ಬೆಲ್ಲ ತಿಂದ, ಬೇಕಾದರೆ ಎದ್ದು ಹೊರಗೆ ಹೋಗುತ್ತಾನೆ. ಆ ಮೂಕ ಜೀವ ಎಲ್ಲಿಗೆ ಹೋಗಬೇಕು? ದಿನಾ ಇದೇ ನೀರು ಕುಡಿದು, ಹಗಲೆಲ್ಲ ಇದೇ ಗಾಳಿ ಉಸಿರಾಡಬೇಕು. ಬೀಗ ಇನ್ನೊಂದು ಹಾಕಬಹುದು, ಮಾಳಿಗೆಗೆ ಕಣಿಕೆ ಹೊದಿಸಬಹುದು. ಅನ್ನ ಕೊಡುವ ಗಿರಣಿಯನ್ನು ನಿಲ್ಲಿಸಲಾಗುವುದಿಲ್ಲ. ಮುಂಗೈ ಮೇಲೆ ತಲೆ ಇಟ್ಟ ಆ ಹಾವು ನೆನಪಾಗಿ ಅವನಿಗೆ ನಾಚಿಕೆಯಾಯಿತು. ತನಗೆ ಹಾವು ಬೇಕಿತ್ತು, ನಿಜ. ಹಾವಿಗೆ ಏನು ಬೇಕೆಂದು ಅವನು ಈವರೆಗೆ ಕೇಳಿಕೊಂಡೇ ಇರಲಿಲ್ಲ.

ಅವತ್ತು ಸಂಜೆ ಬಸ್ಸಿಳಿದು ಬಂದ ಶಾಹೀನಳಿಗೆ ಅವನೇ ವಹಿ ಕೊಟ್ಟ.

"ತಿಂಗಳಾ ತುಂಬೂದು ಬ್ಯಾಡವಾ. ನನಗ ತಿಳೀತು. ಅದರ ಮ್ಯಾಲ ನನಗ ಪ್ರೀತಿ ಐತಿ. ಅದಕ್ಕ ತರೂದಿಲ್ಲ."

ಶಾಹೀನ್ ವಹಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾನು ಹೇಳಿದಂತೆ ಆಯಿತಲ್ಲ ಎಂದು ಹಂಗಿಸಲಿಲ್ಲ. ಮರುದಿನವೇ ಪ್ರವೀಣಕುಮಾರನನ್ನು ಕರೆದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದಳು. ಕಾಗದಪತ್ರ ತಿದ್ದಿಸಲು ಹದಿನೈದು ದಿನ ಹಿಡಿಯಿತು. ಇಂಥ ಹಾವುಗಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಅನುಭವಸ್ಥರ ಬಳಿಗೆ ಹಾವು ಹೋಗುವುದೆಂದು ನಿಶ್ಚಯವಾಯಿತು. ಅದು ಹೊರಡುವ ದಿನ ಫಕ್ಕೀರಪ್ಪ ರಾಣೆಬೆನ್ನೂರಿಗೆ ಹೋಗಿ ಬಂದ. ಈ ಸಲವೂ ಅದು ಅವನ ಮುಂಗೈ ಮೇಲೆ ತಲೆ ಇಟ್ಟಿತು. ಕಣ್ಣು ತುಂಬಿ ಬಂತು, ಆದರೆ ಮನಸ್ಸು ಹಗುರವಾಗಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಸುಖವಾಗಿ ನಿದ್ದೆ ಮಾಡಿದ.

ಇನ್ನು ಆ ಪೆಟ್ಟಿಗೆ. ಹಾವು ನುಸುಳಬಾರದೆಂದು ಮೈಲಪ್ಪ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಹಾವು ನುಸುಳದ ಕಡೆ ಇಲಿ ನುಸುಳೀತೇ? ಪ್ರೇಮವ್ವ ಒಂದು ದಿನ ಗಿರಾಕಿಗಳ ಡಬ್ಬಿಗಳನ್ನೆಲ್ಲ ಅದರೊಳಗೆ ಸಾಲಾಗಿ ಇಟ್ಟಳು. ಈಗ ಫಕ್ಕೀರಪ್ಪ ಡಬ್ಬಿ ಕಾಯುವುದಿಲ್ಲ. ಗಿರಾಕಿಗಳು ಸಂಜೆಗೆ ಬಂದು, ರಾಜಾನ ಪೆಟ್ಟಿಗೆಯಿಂದ ನಮ್ಮ ಡಬ್ಬಿ ಕೊಡಪ್ಪಾ ಎನ್ನುತ್ತಾರೆ. ಅವನು ಕೊಟ್ಟು, ಬಾಗಿಲು ಸರಿಸಿ, ಮರೆಯದೆ ಬೀಗ ಹಾಕುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ಮೊಬೈಲಿನಲ್ಲಿ ಯಾರೋ ಹಾವನ್ನು ಕೊರಳಿಗೆ ಸುತ್ತಿಕೊಂಡು ನಗುವುದನ್ನು ನೋಡಿ ನಿಮಗೂ ಆಸೆ ಆಗಿರಬಹುದು. ಆಸೆ ತಪ್ಪಲ್ಲ. ಆದರೆ ದೊಡ್ಡ ಹಾವು ಹೊಸಬರ ಕೈಗೆ ತಕ್ಕ ಜೀವವಲ್ಲ. ಯಾರಾದರೂ ಪುಕ್ಕಟೆ ಕೊಡುತ್ತೇನೆಂದರೂ ಕೈ ಚಾಚಬೇಡಿ. ಪಶುವೈದ್ಯರನ್ನು ಕೇಳಿ, ಅರಣ್ಯ ಇಲಾಖೆಯನ್ನು ಕೇಳಿ. ಈಗಾಗಲೇ ಮನೆಯಲ್ಲಿದ್ದು ಸಾಕಲಾಗದಿದ್ದರೆ ಹೊಲಕ್ಕೋ ಗುಡ್ಡಕ್ಕೋ ಬಿಡದೆ ಇಲಾಖೆಗೇ ತಿಳಿಸಿ. ಇಷ್ಟು ಹೇಳಿದ ಮೇಲೂ ಮನಸ್ಸು ಕೇಳದಿದ್ದರೆ, ಒಂದು ತಿಂಗಳು ಖಾಲಿ ಪೆಟ್ಟಿಗೆ ಸಾಕಿ ನೋಡಿ. ಅದರೊಳಗೆ ಒಂದು ಬಿಳಿ ಬಟ್ಟಲಲ್ಲಿ ನೀರಿಡಿ. ಮರುದಿನ ಆ ನೀರನ್ನು ನೀವು ಕುಡಿಯುವಿರಾದರೆ, ಆಮೇಲೆ ಮುಂದಿನ ಮಾತು.