ಒಣಗಿದ ದೋಣಿ

ನೀರು ಹೊಸ್ತಿಲು ದಾಟಿದಾಗ ಮೋಹಿನಿ ಮೊದಲು ಫೋನ್ ಮಾಡಿದ್ದು ಕಾಲುವೆಯಾಚೆಯ ಬೋಟ್ ಕ್ಲಬ್ಬನ್ನು ಕಾಯುವ ರತ್ನಾಕರನಿಗೆ.

"ಪಕ್ಕದ್ಮನೆಯವ್ರು ಲಾರಿ ತರ್ಸಿದಾರೆ ಕಣೋ. ಹಾಸಿಗೆ ಹಿಡಿದಿರೋ ಮಾವನ್ನ ಅದಕ್ಕೆ ಹತ್ಸೋದೇ ಕಷ್ಟ. ಏನ್ ಮಾಡ್ಲಿ?"

"ಲಾರಿ ಎಂತಕ್ಕೆ ಅಕ್ಕಾ? ನಾನ್ ಇಲ್ಯಾ? ಬೋಟ್ ತಕಂಡ್ ಬತ್ತೆ. ಲಾರಿ ಕಳ್ಸಿ ಲಾ!" ಈ ಪರದೇಶದವರ 'ಲಾ' ಅವನ ಊರಮಾತಿಗೂ ಅಂಟಿಕೊಂಡಿತ್ತು.

ಅವಳು ಲಾರಿ ಕಳಿಸಿಬಿಟ್ಟಳು.

ಲಾಕ್‌ಡೌನಿನ ಉದ್ದಕ್ಕೂ ಕ್ಲಬ್‌ಹೌಸಿನಲ್ಲಿ ಒಬ್ಬನೇ ಬಿದ್ದಿದ್ದ ರತ್ನಾಕರನಿಗೆ, ಸೇತುವೆ ದಾಟಿ ಬಂದು ಗೇಟಿಗೆ ಅನ್ನ-ಸಾರು ತೂಗುಹಾಕಿ ಹೋಗುತ್ತಿದ್ದವಳು ಅವಳು. ಅದು ಬಿಳಿಯರು ಇಲ್ಲಿ ತವರದ ಗಣಿ ನಡೆಸುತ್ತಿದ್ದ ಕಾಲದ ಮರದ ಕಟ್ಟಡ. ಗೋಡೆಯ ತುಂಬ ಸತ್ತ ಸಾಹೇಬರ ಫೋಟೋಗಳು. ಸದಸ್ಯರು ಒಬ್ಬರೂ ಇತ್ತ ಸುಳಿಯಲಿಲ್ಲ. ಹೊತ್ತು ಹೋಗದೆ ಅವನು ದೋಣಿಗಳನ್ನೆಲ್ಲ ನೀರಿನಿಂದ ಹಜಾರಕ್ಕೆ ಎಳೆದು ತಂದ. ಉಜ್ಜಿದ, ಫ್ಯಾನಿನ ಗಾಳಿಗೆ ಒಣಗಿಸಿದ, ವಾರ್ನಿಶ್ ಹೊಡೆದ. ಕ್ಲಬ್ಬಿನ ಕಾರ್ಯದರ್ಶಿ ಸೂರ್ಯನಾರಾಯಣ ಸೈಬರ್‌ಜಯಾ ಪಟ್ಟಣದ ಮನೆಯಲ್ಲಿ ಕೂತು ವಿಡಿಯೋದಲ್ಲಿ ನೋಡಿ, "ಫೆಂಟಾಸ್ಟಿಕ್ ರತ್ನಾಕರ್! ಮ್ಯೂಸಿಯಂ ಥರ ಇದೆ!" ಎಂದರು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಅಂಥ ಮಾತು ಯಾರು ಆಡಿದ್ದರು? ಇನ್ನೊಂದು ಕೋಟು ಹೊಡೆದ.

ಮರದ ದೋಣಿ ನೀರು ಕುಡಿದೇ ಗಟ್ಟಿಯಾಗಿರಬೇಕು. ಒಣಗಿದರೆ ಹಲಗೆ ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಗಳಿಕೆಯ ಮುಂದೆ ಗೊತ್ತಿದ್ದದ್ದೆಲ್ಲ ಯಾವ ಸುಡುಗಾಡಿಗೆ ಹೋಗಿತ್ತೋ!

ಈಗ ಒಂದು ದೋಣಿಯನ್ನು ಮೆಟ್ಟಿಲಿನಿಂದ ತಳ್ಳಿ ಹತ್ತಿದ. ಹುಟ್ಟು ಹಾಕುವಷ್ಟರಲ್ಲಿ ಪಾದ ಒದ್ದೆಯಾಯಿತು, ಆಮೇಲೆ ಮೊಣಕಾಲು. ಅದನ್ನು ಮೆಟ್ಟಿಲಿಗೆ ಕಟ್ಟಿ ಇನ್ನೊಂದನ್ನು ಇಳಿಸಿದ. ಅದೂ ಹಾಗೇ. ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದ್ದಕ್ಕಿಂತ ಒಳಗೆ ಬಂದದ್ದೇ ಹೆಚ್ಚು.

ಮತ್ತೆ ಫೋನ್. "ಎಲ್ಲಿದೀಯೋ? ಮಂಚ ಮುಳುಗ್ತಾ ಇದೆ!"

"ಬಂದೆ ಅಕ್ಕಾ."

ಮುಳುಗಿದ ದೋಣಿಯೊಳಗೆ ನಿಂತುಕೊಂಡು ಬಂದೆ ಎಂದ, ದರಿದ್ರದವನು.

ಕೊನೆಗೆ ಮಾವನನ್ನು ಕ್ಲಬ್ಬಿಗೆ ತಂದದ್ದು ಆಚೆ ದಡದಲ್ಲಿ ರೊಟ್ಟಿ-ಚಹಾ ಮಾರುವ ಮಾಮಕ್ ಅಂಗಡಿಯ ರಶೀದ್. ಬಾಗಿಲು ಕಿತ್ತ ಹಳೆಯ ಫ್ರಿಜ್ಜಿನಲ್ಲಿ ಮುದುಕರನ್ನು ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಸೇತುವೆಯ ಕಂಬಿ ಹಿಡಿದು ತಳ್ಳಿಕೊಂಡು ಬಂದ. ಇನ್ನೊಂದು ಬದಿಯಲ್ಲಿ ಮೋಹಿನಿ. ನಾನು ನಡೆದೇ ಹೋಗಬಹುದಿತ್ತಲ್ಲ ಎಂದು ರತ್ನಾಕರನಿಗೆ ಹೊಳೆದದ್ದೇ ಆಗ.

"ಏನಪ್ಪಾ ಕ್ಯಾಪ್ಟನ್," ಎಂದ ರಶೀದ್, "ಶೋಕೇಸ್ ಪೀಸಾ ಇವು?"

ಮುದುಕರ ತುಟಿ ನೀಲಿಗಟ್ಟಿತ್ತು. ಮೋಹಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರನ್ನು ಮಹಡಿಗೆ ಹೊತ್ತು, ಸಾಹೇಬರ ಸೋಫಾದ ಮೇಲೆ ಮಲಗಿಸಿ, ರತ್ನಾಕರ ಯಾರ ಮುಖವನ್ನೂ ನೋಡದೆ ಮತ್ತೆ ನೀರಿಗಿಳಿದ.

ಸ್ವಲ್ಪ ಹೊತ್ತಿನ ಮೇಲೆ ಮೋಹಿನಿ ಕಿಟಕಿಯಿಂದ ಬಗ್ಗಿದಳು. "ಮೇಲೆ ಬಾರೋ. ಮಾವ ನಿನ್ನನ್ನೇ ಕೇಳ್ತಿದಾರೆ."

"ಬೋಟ್ ಹಿಡ್ಕಂಡಿದ್ದೆ ಅಕ್ಕಾ. ಬಿಟ್ರೆ ಹೋತ್ತ್."

ದೋಣಿಯನ್ನು ಕಟ್ಟಿಯಾಗಿತ್ತು. ಹಗ್ಗ ಅವಳಿಗೂ ಕಾಣುತ್ತಿತ್ತು.