ಅಳಿಲಲ್ಲದ ಪ್ರಾಣಿಗೆ ಒಂದು ಸಂಬಂಧ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗಿನ್ನೂ ಗೊತ್ತಾಗಿಲ್ಲ. ಹುಲಿಯಿಂದ ಶುರು ಮಾಡಿದ್ದರೆ ನೀವು ಇಷ್ಟು ಹೊತ್ತಿಗೆ ಎರಡನೇ ಪುಟದಲ್ಲಿರುತ್ತಿದ್ದಿರಿ. ಹುಲಿಗೆ ಅಭಿಮಾನಿಗಳಿದ್ದಾರೆ, ಟೀ ಶರ್ಟ್ ಇದೆ, ರೆಸಾರ್ಟ್ ಇದೆ. ನನ್ನ ಪಾಲಿಗೆ ಬಂದಿರುವುದು ಎಲ್ಲರೂ ಅಳಿಲೆಂದೇ ತಿಳಿಯುವ, ಆದರೆ ಅಳಿಲಲ್ಲದ, ಒಂದು ಕಂದು ಪ್ರಾಣಿ.

(ಮೊದಲ ಡ್ರಾಫ್ಟಿನಲ್ಲಿ ಇದನ್ನು ಚಿಪ್ಪುಹಂದಿ ಮಾಡಿದ್ದೆ. ನನ್ನ ನಾಯಕಿ ಲಹರಿ ಒಪ್ಪಲಿಲ್ಲ. "ಸಾರ್, ನಾನು ನೋಡಿದ್ದು ಅದನ್ನಲ್ಲ. ಓದೋರಿಗೆ ಅಯ್ಯೋ ಅನ್ಸಲಿ ಅಂತ ಪ್ರಾಣಿ ಬದಲಾಯಿಸಕ್ಕಾಗಲ್ಲ." ಹರಿದು ಹಾಕಿದೆ.)

೧

ಲಹರಿ ಸಣ್ಣ ಸಸ್ತನಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬೋಗಾದಿಯಲ್ಲಿ ಇಂದ್ರಮ್ಮನವರ ಮನೆಯ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದಾಳೆ. ಪಕ್ಕದ ಖಾಲಿ ಸೈಟೂ ಇಂದ್ರಮ್ಮನವರದೇ: ಬಂಡೆ, ಲಂಟಾನ, ಒಂದೆರಡು ಹೊಂಗೆ ಮರ, ಬೀದಿಯವರೆಲ್ಲರ ಪ್ಲಾಸ್ಟಿಕ್ಕು. ಅಲ್ಲೊಂದು ಲೇಡೀಸ್ ಪಿಜಿ ಕಟ್ಟಿಸಬೇಕೆಂಬುದು ಅವರ ಬಹುದಿನದ ಆಸೆ. ಇಂದ್ರಮ್ಮ ಸಂಬಂಧ ಕುದುರಿಸುವವರು. ಬೋಗಾದಿಯಿಂದ ದಟ್ಟಗಳ್ಳಿಯವರೆಗೆ ಅವರು ಕೂಡಿಸಿದ ಜೋಡಿಗಳು ಸಿಕ್ಕಲ್ಲೆಲ್ಲ ಕಾಲಿಗೆ ಬೀಳುತ್ತವೆ, ಕೆಲವು ಮಾತ್ರ ರಸ್ತೆ ದಾಟಿ ಹೋಗುತ್ತವೆ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಲಹರಿ ಬಂಡೆಯ ಮೇಲೆ ಅದನ್ನು ಕಂಡಳು. ಚೂಪು ಮೂತಿ, ಪೊದೆಯಂಥ ಬಾಲ, ಭುಜದ ಮೇಲೊಂದು ಮಾಸಲು ಪಟ್ಟೆ. ಟ್ರೀ ಶ್ರೂ. (ಕನ್ನಡದ ಹೆಸರು ಕೇಳಬೇಡಿ. ನಾನು ಕೇಳಿದವರೆಲ್ಲ "ಅಳಿಲು" ಎಂದರು.) ಒದ್ದೆ ಚೂಡಿದಾರ್ ಹಿಡಿದುಕೊಂಡೇ ಅವಳು ಕೆಳಗೋಡಿದಳು.

"ಆಂಟಿ, ಅಲ್ನೋಡಿ!"

ಇಂದ್ರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. "ಅಳಿಲು ಕಣಮ್ಮ."

"ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ ಇರತ್ತೆ. ಇದಕ್ಕಿಲ್ಲ."

"ಸೇತುವೆ ಕೆಲ್ಸಕ್ಕೆ ಚಕ್ಕರ್ ಹೊಡೆದಿರ್ತದೆ. ರಾಮ ಸುಮ್‌ಸುಮ್ನೆ ಬೆನ್ನು ಸವರ್ತಾನಾ?"

"ಮತ್ತೆ ಭುಜದ ಮೇಲೆ ಒಂದು ಗೆರೆ ಇದೆಯಲ್ಲ?"

"ಹಿಡ್ಕೊಳ್ಳಕ್ಕೆ ಹೋಗಿರ್ತಾನೆ. ತಪ್ಪಿಸ್ಕೊಂಡಿರ್ತದೆ."

(ಇದಕ್ಕೆ ಲಹರಿಯ ಪ್ರಬಂಧದಲ್ಲಿ ಉತ್ತರವಿಲ್ಲ.)

೨

ಆಷಾಢ ಬರುವ ಮುಂಚೆ ಸೈಟು ಸ್ವಚ್ಛವಾಗಲಿ ಎಂದು ಇಂದ್ರಮ್ಮ ಜೆಸಿಬಿ ಕರೆಸಿದರು. ಓಡಿಸುವವರು ಮೂಗಯ್ಯ. ಇಲ್ಲಿ ಲಹರಿಗೆ ನಾನೊಂದು ಭಾಷಣ ಬರೆದಿದ್ದೆ. "ಎಲೈ ಮಾನವ" ಎಂದು ಶುರುವಾಗುತ್ತಿತ್ತು.

"ಸಾರ್, ನಾನು ಹಾಗೆಲ್ಲ ಮಾತಾಡಲ್ಲ. ನನಗೆ ಅಳು ಬಂತು, ಅಷ್ಟೇ."

ಸರಿ, ನಡೆದದ್ದನ್ನೇ ಹೇಳುತ್ತೇನೆ. ನೈಟಿಯಲ್ಲಿ, ಬಾಯಲ್ಲಿ ಟೂತ್‌ಬ್ರಷ್ ಕಚ್ಚಿಕೊಂಡು, ಅವಳು ಜೆಸಿಬಿಯ ಮುಂದೆ ಹೋಗಿ ನಿಂತಳು. ಮೂಗಯ್ಯ ಎಂಜಿನ್ ಆಫ್ ಮಾಡಿದರು. "ಏನ್ ತಾಯಿ, ಬಾಯಾದ್ರೂ ತೊಳ್ಕೊಂಡ್ ಬರಬಾರ್ದಾ?"

ಇಂದ್ರಮ್ಮ ಓಡಿ ಬಂದರು. "ಒಂದು ಅಳಿಲಿಗೋಸ್ಕರ ನನ್ ಸೈಟಿಗೆ ಅಡ್ಡ ನಿಂತ್ಬುಟ್ಯಲ್ಲೇ!"

"ಅಳಿಲಲ್ಲ ಆಂಟಿ. ಅಳಿಲಿಗೆ ನೆಂಟನೂ ಅಲ್ಲ."

"ಮತ್ತೆ ಯಾವ ಜನ ಅದು?" (ಬಾಡಿಗೆಗೆ ಬಂದವರನ್ನೂ ಅವರು ಹೀಗೇ ಕೇಳುವುದು.)

"ಅದರ ಜನ ಅಂತ ಬೇರೆ ಯಾರೂ ಇಲ್ಲ." ಲಹರಿಯ ದನಿ ಒಡೆಯಿತು. "ಕೋಟ್ಯಂತರ ವರ್ಷದ ಹಿಂದೇನೇ ನೆಂಟರನ್ನೆಲ್ಲ ಬಿಟ್ಟು ಬೇರೆ ದಾರಿ ಹಿಡಿದಿರೋದು. ಇಡೀ ಕುಲದಲ್ಲಿ ಇರೋದು ಇದೊಂದೇ ಜಾತಿ. ಇದು ಹೋದ್ರೆ ವಂಶಾನೇ ಹೋಯ್ತು ಆಂಟಿ."

(ಲಹರಿ ಇಲ್ಲಿ ತಿದ್ದಿಸುತ್ತಿದ್ದಾಳೆ: ಇಂಥವು ಬೇರೆ ಕಡೆಯೂ ಇವೆ. ಆದರೆ ಕುರುಚಲು ಕಾಡು ತುಂಡುತುಂಡಾದಷ್ಟೂ ಒಂದಕ್ಕೊಂದು ಸಿಗುವುದು ಕಷ್ಟ.)

ಇಂದ್ರಮ್ಮನವರ ಮುಖ ಬದಲಾಯಿತು.

"ಗಂಡೋ, ಹೆಣ್ಣೋ?"

"ಗೊತ್ತಿಲ್ಲ."

"ಜೊತೆ ಐತಾ?"

"ಗೊತ್ತಿಲ್ಲ ಆಂಟಿ."

"ಒಂಟಿ ಜೀವ ಉಳಿಸ್ಕೊಂಡು ಏನ್ ಮಾಡ್ತೀಯ, ಆರತಿ ಎತ್ತುತೀಯಾ?"

ಲಹರಿ ಯಾರಿಗೂ ಹೇಳದ ಭಯ ಅದೇ ಆಗಿತ್ತು.

ಇಂದ್ರಮ್ಮ ತಿರುಗಿ ಹೇಳಿದರು: "ಮೂಗಯ್ಯ, ಆಷಾಢ ಕಳೀಲಿ. ಆಮೇಲೆ ಬಾರಪ್ಪ."

೩

ಆಷಾಢದಲ್ಲಿ ಮದುವೆ ಮಾತುಕತೆ ಇಲ್ಲ. ಇಂದ್ರಮ್ಮನವರಿಗೆ ಪುರುಸೊತ್ತು. ದಿನಾ ಬೆಳಿಗ್ಗೆ ತಾರಸಿಯ ಮೇಲೆ ಎರಡು ಕುರ್ಚಿ. ಒಬ್ಬರ ಕೈಯಲ್ಲಿ ಕಾಫಿ, ಇನ್ನೊಬ್ಬಳ ಕೈಯಲ್ಲಿ ದುರ್ಬೀನು. ಪ್ರಾಣಿ ಒಮ್ಮೆ ಬಂಡೆಯ ಕಡೆಯಿಂದ ಬರುತ್ತಿತ್ತು, ಒಮ್ಮೆ ಹೊಂಗೆಯ ಕಡೆಯಿಂದ. ಎರಡು ಒಟ್ಟಿಗೆ ಬರಲೇ ಇಲ್ಲ.

"ಇದು ಬೇರೆ ಕಣೇ. ವೈಯಾರ ನೋಡು, ಹೆಣ್ಣು."

"ಅದೇ ಇದು ಆಂಟಿ."

"ನಾನ್ ನೋಡ್ದಷ್ಟು ಹೆಣ್ಣು ನೀನ್ ನೋಡಿದ್ಯಾ?"

ಒಂದು ದಿನವಿಡೀ ಮಾತು ಬಿಟ್ಟರು. ಕೊನೆಗೆ ಲಹರಿ ಪೊದೆಯಲ್ಲಿ ಕ್ಯಾಮೆರಾ ಕಟ್ಟಿದಳು. ಅದರಲ್ಲಿ ಸಿಕ್ಕಿದ್ದು ಹಿಂದಿನ ಮನೆಯ ಶಿವಮಲ್ಲಪ್ಪ, ಕಸದ ಕವರ್ ಬೀಸಿ ಎಸೆಯುವ ಭಂಗಿಯಲ್ಲಿ. ಮುಖ ಬಹಳ ಸ್ಪಷ್ಟವಾಗಿ ಬಂದಿತ್ತು.

೫

(ನಾಲ್ಕನೆಯದರಲ್ಲಿ ಮುಕ್ತಾಯಗಳಿದ್ದವು. ಒಂದರಲ್ಲಿ ಎಳೆಬಿಸಿಲಿಗೆ ಜೋಡಿ ಹೊರಬರುತ್ತಿತ್ತು. ಲಹರಿ "ನೋಡದೇ ಇದ್ದದ್ದನ್ನ ಬರೀಬೇಡಿ" ಎಂದಳು. ಇನ್ನೊಂದರಲ್ಲಿ ಜೆಸಿಬಿ ಹರಿಯುತ್ತಿತ್ತು. "ನನ್ ಕೈಲಿ ಇಂಥ ಪಾಪ ಮಾಡಿಸ್ತೀರಾ, ನೀವೇನ್ ಮನುಷ್ಯರಾ?" ಎಂದರು ಇಂದ್ರಮ್ಮ. ಎರಡೂ ಹೋದವು.)

ಆಷಾಢ ಕಳೆದು ಮೂಗಯ್ಯ ಬಂದರು. ಇಂದ್ರಮ್ಮ ರಂಗೋಲಿ ಪುಡಿ ತಂದು ಸೈಟಿನ ನಡುವೆ ಒಂದು ಗೆರೆ ಎಳೆದರು. "ರಸ್ತೆ ಕಡೆದಷ್ಟೇ ಕೀಳಪ್ಪ. ಬಂಡೆ, ಮರ ಮುಟ್ಬೇಡ. ಪಿಜಿ ಚಿಕ್ಕದಾದ್ರೆ ಆಗ್ಲಿ."

ಲಹರಿ ಅವರ ಕೈ ಹಿಡಿದುಕೊಂಡಳು. ಆದರೂ ತಡೆಯಲಾರದೆ ಹೇಳಿಬಿಟ್ಟಳು: "ಅರ್ಧ ಸಾಲಲ್ಲ ಆಂಟಿ."

ಈಗ ಜಗಳವಾಗುತ್ತದೆಂದು ನಾನು ಪೆನ್ನು ಸರಿಮಾಡಿಕೊಂಡೆ.

"ಗೊತ್ತು ಕಣೇ," ಎಂದರು ಇಂದ್ರಮ್ಮ, ಸೆರಗು ಸಿಕ್ಕಿಸುತ್ತಾ. "ಶಿವಮಲ್ಲಪ್ಪನ ಹಿತ್ತಲಲ್ಲೂ ಪೊದೆ ಐತೆ, ಅದೂ ಉಳೀಬೇಕು. ಜೊತೆ ಅಲ್ಲೇ ಇದ್ರೂ ಇರ್ಬೋದು. ಕೇಳ್ಬುಟ್ಟು ಬತ್ತೀನಿ."

"ಏನಂತ ಕೇಳ್ತೀರಾ?"

"ಹೆಣ್ಣು ಕೇಳೋಳಿಗೆ ಮಾತು ಹೇಳ್ಕೊಡ್ತೀಯಾ?"

"ಇಂದ್ರಮ್ಮನವರೇ, ಒಂದು ನಿಮಿಷ ನಿಂತ್ಕೊಳ್ಳಿ, ಕಥೆ ಮುಗಿಸಿಬಿಡ್ತೀನಿ," ಎಂದೆ. ಅವರು ನಿಲ್ಲಲಿಲ್ಲ. ಬೆಲ್ ಒತ್ತಿದರು. ಶಿವಮಲ್ಲಪ್ಪ ಬನಿಯನ್ನಿನಲ್ಲಿ ಬಂದು, ನಮಸ್ಕರಿಸಿ, ಅವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನನ್ನನ್ನಾಗಲೀ ನಿಮ್ಮನ್ನಾಗಲೀ ಕರೆಯಲಿಲ್ಲ. ಲಹರಿ ಗೇಟಿಗೆ ಒರಗಿ ನಿಂತಿದ್ದಾಳೆ.

ಒಳಗಿಂದ ಶಿವಮಲ್ಲಪ್ಪ ಜೋರಾಗಿ ನಕ್ಕದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಈಗ ಇಂದ್ರಮ್ಮನವರ ದನಿಯೊಂದೇ, ತಗ್ಗಿದ ದನಿ, ಮಾತಾಡುತ್ತಲೇ ಇದೆ.